250 ಮೀಟರಿನ ವೃತ್ತ

ವೈರ್‌ಲೆಸ್ ನೆಟ್‌ವರ್ಕಿಂಗ್ ಪಾಠ ಹೇಳುತ್ತ, ಅದೇ ವಿಷಯದಲ್ಲಿ ವಿದ್ಯಾರ್ಥಿಗಳಿಂದ ಸಂಶೋಧನೆ ಮಾಡಿಸುತ್ತ ಕಳೆದ ವರ್ಷಗಳನ್ನು ತಿರುಗಿ ನೋಡಿದಾಗ ನನಗೆ ಮೊದಲು ನೆನಪಾಗುವುದು ಒಂದು ಸಂಖ್ಯೆ: 250 ಮೀಟರ್. ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಲ್ಯಾಬ್ ರೆಕಾರ್ಡುಗಳಲ್ಲಿ, ಎಂ.ಟೆಕ್. ಪ್ರಾಜೆಕ್ಟ್ ವರದಿಗಳಲ್ಲಿ, ಪಿಎಚ್.ಡಿ. ಪ್ರಬಂಧಗಳ ಕೊನೆಯ ಅಧ್ಯಾಯದ ಕೋಷ್ಟಕಗಳಲ್ಲಿ ಅದು ಎಷ್ಟು ಸಲ ಅಚ್ಚಾಗಿದೆಯೋ ಲೆಕ್ಕವಿಟ್ಟವರಿಲ್ಲ. ಎನ್‌ಎಸ್-2 ಎಂಬ ಸಿಮ್ಯುಲೇಟರಿನಲ್ಲಿ ಒಂದು ನೋಡ್ ಕಳಿಸಿದ ಪ್ಯಾಕೆಟ್ ಎಷ್ಟು ದೂರ ತಲುಪುತ್ತದೆ ಎಂಬುದಕ್ಕೆ ಮೊದಲೇ ತುಂಬಿಟ್ಟ ಬೆಲೆ ಅದು. ಆ ದೂರದ ಒಳಗಿದ್ದರೆ ಪ್ಯಾಕೆಟ್ ಇಡಿಯಾಗಿ ಸಿಗುತ್ತದೆ, ಒಂದು ಮೀಟರ್ ಆಚೆ ಹೋದರೆ ಏನೂ ಸಿಗುವುದಿಲ್ಲ. ಲೂಸೆಂಟ್ ಕಂಪನಿಯ ವೇವ್‌ಲ್ಯಾನ್ ಎಂಬ, 914 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತಿದ್ದ ಹಳೆಯ ರೇಡಿಯೊ ಕಾರ್ಡನ್ನು ಅನುಕರಿಸಿ ಹಾಕಿದ ಬೆಲೆ. ಅದರ ಜೊತೆಗೇ ಬಂದ ಇನ್ನೊಂದು ಸರಂಜಾಮು ಇದೆ: 50 ನೋಡ್, 1500 ಮೀಟರ್ ಉದ್ದ 300 ಮೀಟರ್ ಅಗಲದ ಸಮತಟ್ಟು ಜಾಗ, 900 ಸೆಕೆಂಡ್, ಸೆಕೆಂಡಿಗೆ ಗರಿಷ್ಠ 20 ಮೀಟರ್ ವೇಗ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ತಂಡವೊಂದು 1998ರಲ್ಲಿ ನಾಲ್ಕು ರೂಟಿಂಗ್ ವಿಧಾನಗಳನ್ನು ಹೋಲಿಸಿ ನೋಡಲು ಆರಿಸಿಕೊಂಡ ವ್ಯವಸ್ಥೆ ಇದು. ಅವರ ಆಯ್ಕೆಗೆ ಅವರದೇ ಕಾರಣಗಳಿದ್ದವು, ಅವನ್ನು ಬರೆದೂ ಇಟ್ಟರು. ಅದನ್ನು ಮುಂದಿನ ಹದಿನೈದು ಇಪ್ಪತ್ತು ವರ್ಷ ನಕಲು ಮಾಡಿದವರ ಬಳಿ ಕಾರಣಗಳೇನೂ ಇರಲಿಲ್ಲ. ಯಾವ ಊರಿನ ಯಾವ ಬಯಲಿನಲ್ಲಿ ಐವತ್ತು ಮಂದಿ ಗಂಟೆಗೆ 72 ಕಿಲೋಮೀಟರ್ ವೇಗದವರೆಗೆ ಅತ್ತಿಂದಿತ್ತ ಸುತ್ತುತ್ತಿರುತ್ತಾರೆ ಎಂದು ವೈವಾದಲ್ಲಿ ಕೇಳಿದ್ದರೆ ಉತ್ತರ ಬರುತ್ತಿರಲಿಲ್ಲ. ಕೇಳುವ ರೂಢಿಯೂ ಇರಲಿಲ್ಲ.

ನಾನು ಹೇಳಬೇಕಾದದ್ದು ಸಿಮ್ಯುಲೇಟರ್ ಕೆಟ್ಟದ್ದು ಎಂದಲ್ಲ. ಈ ವಿಷಯವನ್ನು ಪಾಠ ಮಾಡಿದ, ಇದರಲ್ಲಿ ಸಂಶೋಧನೆ ನಡೆಸಿದ ನಮ್ಮ ಪೀಳಿಗೆ ಕಣ್ಣೆದುರಿನ ರೇಡಿಯೊವನ್ನು ಅಳೆಯುವ ಕೆಲಸ ಬಿಟ್ಟು, ಬೇರೆಯವರು ತುಂಬಿಟ್ಟ ಬೆಲೆಗಳನ್ನೇ ಲೋಕವೆಂದು ಒಪ್ಪಿಕೊಂಡಿತು. ಅದರಿಂದ ಪಾಠವೂ ತೆಳುವಾಯಿತು, ಸಂಶೋಧನೆಯೂ ತೆಳುವಾಯಿತು ಎಂಬುದು ನನ್ನ ವಾದ. ಈ ಅಭ್ಯಾಸ ಹುಟ್ಟಿದ್ದಕ್ಕೆ ನ್ಯಾಯವಾದ ಕಾರಣವಿತ್ತು ಎಂಬುದನ್ನು ಮೊದಲೇ ಒಪ್ಪಿಬಿಡುತ್ತೇನೆ. ವೈಫೈಯ ಮೂಲ ಮಾನಕವಾದ 802.11 ಬಂದದ್ದು 1997ರಲ್ಲಿ, ಸೆಕೆಂಡಿಗೆ 2 ಮೆಗಾಬಿಟ್ ವೇಗದೊಂದಿಗೆ. 11 ಮೆಗಾಬಿಟ್‌ನ 802.11ಬಿ ಆವೃತ್ತಿ 1999ರಲ್ಲಿ ಬಂತು. ಭಾರತದಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಕಟ್ಟಡದ ಹೊರಗೂ ಲೈಸೆನ್ಸ್ ಇಲ್ಲದೆ ಬಳಸಲು ಅವಕಾಶವಾದದ್ದು 2005ರಲ್ಲಿ. ಅದಕ್ಕೂ ಮುಂಚೆ ಎರಡು ಕಟ್ಟಡಗಳ ನಡುವೆ ಒಂದು ರೇಡಿಯೊ ಕೊಂಡಿ ಕಟ್ಟಬೇಕೆಂದರೆ ದೆಹಲಿಗೆ ಅರ್ಜಿ ಹೋಗಬೇಕಿತ್ತು. ಕಾರ್ಡು, ಆಕ್ಸೆಸ್ ಪಾಯಿಂಟುಗಳ ಬೆಲೆಯೂ ಕಾಲೇಜಿನ ಲ್ಯಾಬಿಗೆ ನಿಲುಕುವಂಥದ್ದಾಗಿರಲಿಲ್ಲ. ಅಂಥ ಹೊತ್ತಿನಲ್ಲಿ ದುಡ್ಡಿಲ್ಲದೆ ಸಿಗುವ, ಹಳೆಯ ಕಂಪ್ಯೂಟರಿನಲ್ಲೂ ಓಡುವ, ಟಿಸಿಎಲ್ ಎಂಬ ಸ್ಕ್ರಿಪ್ಟ್ ಭಾಷೆಯಲ್ಲಿ ನಲವತ್ತು ಸಾಲು ಬರೆದರೆ ಪರದೆಯ ಮೇಲೆ ಪ್ಯಾಕೆಟ್ಟುಗಳು ಹಾರಾಡುವುದನ್ನು ತೋರಿಸುವ ಎನ್‌ಎಸ್-2 ನಮ್ಮಂಥವರ ಕೈಗೆ ಬಂದದ್ದು ಭಾಗ್ಯವೇ. ಅದು ಇಲ್ಲದಿದ್ದರೆ ರಾಜ್ಯದ ಎಷ್ಟೋ ಕಾಲೇಜುಗಳಲ್ಲಿ ಈ ವಿಷಯ ಕಪ್ಪುಹಲಗೆಯನ್ನು ದಾಟುತ್ತಲೇ ಇರಲಿಲ್ಲ. ಆದರೆ ಲೈಸೆನ್ಸ್ ಹೋಯಿತು, ಬೆಲೆ ಇಳಿಯಿತು, ಪ್ರತಿ ವಿದ್ಯಾರ್ಥಿಯ ಜೇಬಿನಲ್ಲೂ ಮೂರು ನಾಲ್ಕು ಬಗೆಯ ರೇಡಿಯೊ ಇರುವ ಕಾಲ ಬಂತು. ಲ್ಯಾಬ್ ಮ್ಯಾನ್ಯುಯಲ್ ಮಾತ್ರ ಬದಲಾಗಲಿಲ್ಲ. ವೈರ್‌ಲೆಸ್ ಲ್ಯಾನ್, ಜಿಎಸ್‌ಎಂ, ಸಿಡಿಎಂಎಗಳನ್ನೂ ಅದೇ ಪರದೆಯಲ್ಲಿ ಸಿಮ್ಯುಲೇಟ್ ಮಾಡಿ, ಬಿದ್ದುಹೋದ ಪ್ಯಾಕೆಟ್ ಎಣಿಸಿ, ರೆಕಾರ್ಡಿಗೆ ಸಹಿ ಹಾಕಿಸಿಕೊಂಡು ವಿದ್ಯಾರ್ಥಿ ಹೊರಬೀಳುತ್ತಿದ್ದ. ಅವನ ತಲೆಯ ಮೇಲೆಯೇ ತೂಗುತ್ತಿದ್ದ ಆಕ್ಸೆಸ್ ಪಾಯಿಂಟ್ ಆ ಹೊತ್ತಿನಲ್ಲಿ ಏನು ಮಾಡುತ್ತಿತ್ತು ಎಂಬುದು ಪಠ್ಯದ ಹೊರಗಿನ ಸಂಗತಿ.

ಈ ಶಾಸ್ತ್ರ ಹುಟ್ಟಿದ ಬಗೆ ಹೀಗಿರಲಿಲ್ಲ. ಹವಾಯಿ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್ಸನ್ ಮತ್ತು ಸಂಗಡಿಗರು ಅಲೋಹಾನೆಟ್ ಕಟ್ಟಿದ್ದು ದ್ವೀಪಗಳ ನಡುವೆ ಒಳ್ಳೆಯ ಟೆಲಿಫೋನ್ ತಂತಿ ಸಿಗದ ಕಾರಣಕ್ಕೆ. 1971ರಲ್ಲಿ ಅದು ಸೆಕೆಂಡಿಗೆ 9600 ಬಿಟ್ ವೇಗದಲ್ಲಿ ನಿಜವಾದ ರೇಡಿಯೊ ಮೇಲೆ ಓಡಿತು. ಯಾರಿಗೆ ಏನು ಕಳಿಸಬೇಕೋ ಕಳಿಸಿಬಿಡಲಿ, ಎರಡು ಡಿಕ್ಕಿ ಹೊಡೆದರೆ ಸ್ವಲ್ಪ ಕಾದು ಮತ್ತೆ ಕಳಿಸಲಿ ಎಂಬ ಸರಳ ಉಪಾಯ. ಇಂಥ ವ್ಯವಸ್ಥೆಯಲ್ಲಿ ಚಾನೆಲ್ಲಿನ ಶೇ. 18.4ರಷ್ಟು ಮಾತ್ರ ಉಪಯೋಗಕ್ಕೆ ಬರುತ್ತದೆ ಎಂದು ಅಬ್ರಾಮ್ಸನ್ ಲೆಕ್ಕ ಹಾಕಿ ತೋರಿಸಿದರು. ಕಾಲವನ್ನು ಸಮನಾದ ತುಂಡುಗಳಾಗಿ ಕತ್ತರಿಸಿ, ತುಂಡಿನ ಆರಂಭದಲ್ಲೇ ಕಳಿಸಬೇಕೆಂದರೆ ಅದು ದುಪ್ಪಟ್ಟಾಗಿ ಶೇ. 36.8 ಆಗುತ್ತದೆ ಎಂದು ಲ್ಯಾರಿ ರಾಬರ್ಟ್ಸ್ ತೋರಿಸಿದರು. ಈ ಎರಡು ಸಂಖ್ಯೆಗಳನ್ನು ಸಾಧಿಸಿ ತೋರಿಸುವ ಪ್ರಶ್ನೆ ನಮ್ಮ ಪರೀಕ್ಷೆಗಳಲ್ಲಿ ತಪ್ಪದೆ ಬರುತ್ತದೆ, ಹತ್ತು ಅಂಕಕ್ಕೆ. ಮುಂದೆ ನಡೆದದ್ದು ಬರುವುದಿಲ್ಲ. ಹಾರ್ವರ್ಡಿನ ಪಿಎಚ್.ಡಿ. ವಿದ್ಯಾರ್ಥಿಯಾಗಿದ್ದ ಬಾಬ್ ಮೆಟ್‌ಕಾಫ್ ಅಬ್ರಾಮ್ಸನ್ ಅವರ ಪ್ರಬಂಧ ಓದುವಾಗ ಒಂದು ಕಡೆ ನಿಂತ: ಉತ್ತರ ಬರಲಿ ಬಿಡಲಿ ಬಳಕೆದಾರ ಟೈಪ್ ಮಾಡುತ್ತಲೇ ಇರುತ್ತಾನೆ ಎಂದು ಆ ಲೆಕ್ಕ ಒಪ್ಪಿಕೊಂಡಿತ್ತು. ನಿಜವಾದ ಮನುಷ್ಯ ಹಾಗೆ ಮಾಡುವುದಿಲ್ಲ, ಉತ್ತರಕ್ಕಾಗಿ ಕಾಯುತ್ತಾನೆ. ಆ ಊಹೆಯನ್ನು ಬದಲಿಸಿ, ದಟ್ಟಣೆ ಕಂಡಂತೆ ಕಾಯುವ ಅವಧಿಯನ್ನು ಹಿಗ್ಗಿಸುವ ಬಗೆಯನ್ನು ಅವನು ಹೊಸದಾಗಿ ವಿಶ್ಲೇಷಿಸಿದ. 1973ರ ಅವನ ಪ್ರಬಂಧದಿಂದ ಈಥರ್‌ನೆಟ್‌ಗೆ ಹೆಚ್ಚು ದೂರವಿರಲಿಲ್ಲ. ಒಂದು ಸೂತ್ರದ ಹಿಂದಿನ ಊಹೆಯನ್ನು ಕಂಡ ಸಂಗತಿಯ ಪಕ್ಕದಲ್ಲಿಟ್ಟು ನೋಡಿದ್ದರಿಂದ ಇಡೀ ಉದ್ಯಮವೊಂದು ಹುಟ್ಟಿತು. ಸೂತ್ರವನ್ನು ಬಾಯಿಪಾಠ ಮಾಡಿಸಿ ಊಹೆಯನ್ನು ಬಿಟ್ಟುಬಿಡುವ ಪಾಠಕ್ಕೆ ಇದರಲ್ಲಿ ಕಲಿಯಬೇಕಾದ್ದು ಬಹಳವಿದೆ.

ತರಗತಿಯ ಕಡೆಗೇ ಬರೋಣ. ವೈಫೈ ಚಾನೆಲ್ ಹಂಚಿಕೊಳ್ಳುವ ಬಗೆಯನ್ನು ವಿವರಿಸುವಾಗ ಎಲ್ಲ ಅಧ್ಯಾಪಕರೂ ಕೊಡುವ ಹೋಲಿಕೆಯೆಂದರೆ ಸಭೆಯದು: ಒಬ್ಬರು ಮಾತಾಡುವಾಗ ಉಳಿದವರು ಸುಮ್ಮನಿರುತ್ತಾರೆ, ಇಬ್ಬರು ಒಟ್ಟಿಗೆ ಶುರುಮಾಡಿದರೆ ಇಬ್ಬರೂ ನಿಲ್ಲಿಸಿ ಮತ್ತೆ ಶುರುಮಾಡುತ್ತಾರೆ. ಒಂದೇ ತಂತಿ ಹಂಚಿಕೊಳ್ಳುತ್ತಿದ್ದ ಹಳೆಯ ಈಥರ್‌ನೆಟ್‌ಗೆ ಇದು ಸರಿಹೊಂದುತ್ತಿತ್ತು, ರೇಡಿಯೊಗೆ ಹೊಂದುವುದಿಲ್ಲ. ಕಾರಣ ತಿಳಿಯಬೇಕಾದರೆ ಒಂದು ಅಳತೆ ಬೇಕು. ಸಾಧಾರಣ ಆಕ್ಸೆಸ್ ಪಾಯಿಂಟ್ 100 ಮಿಲಿವಾಟ್ ಸೂಸುತ್ತದೆ, ಎಂದರೆ 20 ಡಿಬಿಎಂ. ನಮ್ಮ ಫೋನ್ ಕೊಠಡಿಯಾಚೆ ಮೈನಸ್ 80 ಡಿಬಿಎಂ ಎಂದು ತೋರಿಸುತ್ತದೆ. ನಡುವಿನ ನೂರು ಡೆಸಿಬೆಲ್ ಎಂದರೆ ಸಾವಿರ ಕೋಟಿ ಪಟ್ಟು. ತನ್ನದೇ ದನಿ ಇಷ್ಟು ಜೋರಾಗಿರುವಾಗ ಆ ರೇಡಿಯೊಗೆ ಅದೇ ಹೊತ್ತಿನಲ್ಲಿ ಇನ್ನೊಬ್ಬರದು ಕೇಳುವ ಮಾತೇ ಇಲ್ಲ. ಡಿಕ್ಕಿಯನ್ನು ಅದು ಕಂಡುಹಿಡಿಯಲಾರದು, ಬರೀ ತಪ್ಪಿಸಿಕೊಳ್ಳಲು ನೋಡಬಹುದು, ತಲುಪಿತೆಂಬ ಮರುಸಂದೇಶ ಬರದಿದ್ದಾಗ ಏನೋ ಆಗಿದೆ ಎಂದು ಊಹಿಸಬಹುದು. ಈ ಸಾವಿರ ಕೋಟಿ ಪಟ್ಟು ಎಂಬುದನ್ನು ಫೋನಿನ ಪರದೆಯ ಮೇಲೆ ಸ್ವತಃ ಓದಿ, ಲೆಕ್ಕ ಹಾಕಿದ ವಿದ್ಯಾರ್ಥಿಗೆ 802.11ರ ಅರ್ಧ ನಿಯಮಗಳು ತಾವಾಗಿಯೇ ಅರ್ಥವಾಗುತ್ತವೆ. ಓದದವನಿಗೆ ಅವು ಪಟ್ಟಿ. ಒಂದೇ ಕಡೆಗೆ ಕಳಿಸುವ ಇಬ್ಬರಿಗೆ ಒಬ್ಬರದು ಇನ್ನೊಬ್ಬರಿಗೆ ಕೇಳಿಸದೆ ಡಿಕ್ಕಿಯಾಗುವ ‘ಅಡಗಿದ ನೋಡ್’ ಸಮಸ್ಯೆಯ ಪಾಠಕ್ಕೂ ಇದೇ ಗತಿಯಾಗಿದೆ. ಟೊಬಾಗಿ ಮತ್ತು ಕ್ಲೈನ್‌ರಾಕ್ 1975ರಲ್ಲೇ ವಿವರಿಸಿದ ಈ ಸಮಸ್ಯೆಗೆ ‘ಕಳಿಸಲೇ?’, ‘ಕಳಿಸು’ ಎಂಬ ಪುಟ್ಟ ಸಂದೇಶಗಳ ಪರಿಹಾರವನ್ನು ಪಠ್ಯಪುಸ್ತಕಗಳು ಪುಟಗಟ್ಟಲೆ ಹೇಳುತ್ತವೆ. ಆದರೆ ಹೆಚ್ಚಿನ ಉಪಕರಣಗಳಲ್ಲಿ ಅದರ ಮಿತಿಯನ್ನು 2347 ಬೈಟ್ ಎಂದು ಇಟ್ಟಿರುತ್ತಾರೆ. ಸಾಧಾರಣ ಪ್ಯಾಕೆಟ್ ಅಷ್ಟು ದೊಡ್ಡದಿರುವುದಿಲ್ಲ, ಹಾಗಾಗಿ ಆ ಏರ್ಪಾಡು ಮುಚ್ಚಿದ ಹಾಗೇ. ಪ್ಯಾಕೆಟ್ಟುಗಳನ್ನು ಹಿಡಿದು ತೋರಿಸುವ ವೈರ್‌ಶಾರ್ಕ್ ಎಂಬ ಸಾಫ್ಟ್‌ವೇರ್ ತೆರೆದು ಕಾಲೇಜಿನ ವೈಫೈಯನ್ನು ಹತ್ತು ನಿಮಿಷ ನೋಡಿದರೆ ಇದು ಕಾಣುತ್ತದೆ. ಪುಸ್ತಕದಲ್ಲಿ ಕಾಣುವುದಿಲ್ಲ.

ಇನ್ನೊಂದು ಉದಾಹರಣೆ ನನಗೆ ಇದಕ್ಕಿಂತ ಪ್ರಿಯವಾದದ್ದು. ಒಂದೇ ಆಕ್ಸೆಸ್ ಪಾಯಿಂಟಿಗೆ ಅಂಟಿಕೊಂಡವರಲ್ಲಿ ಹತ್ತಿರದವರು 11 ಮೆಗಾಬಿಟ್ ವೇಗದಲ್ಲಿದ್ದು, ದೂರದ ಒಬ್ಬರು 1 ಮೆಗಾಬಿಟ್‌ಗೆ ಇಳಿದರೆ ಏನಾಗುತ್ತದೆ? ದೂರದವರಿಗಷ್ಟೇ ನಿಧಾನ ಎಂದು ಎಲ್ಲರೂ ಉತ್ತರಿಸುತ್ತಾರೆ. ಫ್ರಾನ್ಸಿನ ಮಾರ್ಟಿನ್ ಹ್ಯೂಸ್ ಮತ್ತು ಸಂಗಡಿಗರು 2003ರಲ್ಲಿ ತೋರಿಸಿದಂತೆ, ಎಲ್ಲರೂ ಆ ಒಬ್ಬರ ಮಟ್ಟಕ್ಕೆ ಇಳಿಯುತ್ತಾರೆ. ಮಾನಕ ಎಲ್ಲರಿಗೂ ಸಮನಾಗಿ ಹಂಚುವುದು ಸರದಿಯನ್ನು, ಸಮಯವನ್ನಲ್ಲ. ಅದೇ ಗಾತ್ರದ ಪ್ಯಾಕೆಟ್ಟಿಗೆ ನಿಧಾನದವರು ಹತ್ತು ಪಟ್ಟು ಹೊತ್ತು ಚಾನೆಲ್ ಹಿಡಿದಿರುತ್ತಾರೆ. ಎರಡು ಲ್ಯಾಪ್‌ಟಾಪ್, ಒಂದು ಆಕ್ಸೆಸ್ ಪಾಯಿಂಟ್, ಐಪರ್ಫ್ ಎಂಬ ಉಚಿತ ಸಾಫ್ಟ್‌ವೇರ್ ಇದ್ದರೆ ಈ ಬಗೆಯ ಕುಸಿತವನ್ನು ಯಾವ ಕಾಲೇಜಿನ ಕಾರಿಡಾರಿನಲ್ಲಾದರೂ ಹಿಡಿಯಬಹುದು. ಹೊಸ ಉಪಕರಣಗಳು ಸಮಯವನ್ನೇ ಸಮನಾಗಿ ಹಂಚಲು ಪ್ರಯತ್ನಿಸುತ್ತವೆ, ಆದ್ದರಿಂದ ಕೆಲವು ಕಡೆ ಕುಸಿತ ಸಿಗದೆಯೂ ಹೋಗಬಹುದು. ಸಿಗದಿದ್ದರೆ ಯಾಕೆ ಸಿಗಲಿಲ್ಲ ಎಂಬುದು ಇನ್ನೂ ಒಳ್ಳೆಯ ಪ್ರಶ್ನೆ.

ಸಂಶೋಧನೆಯ ಕಡೆ ತಿರುಗಿದರೆ ಪರಿಸ್ಥಿತಿ ಇನ್ನೂ ಸ್ಪಷ್ಟ. ಡಾರ್ಟ್‌ಮತ್ ಕಾಲೇಜಿನ ಡೇವಿಡ್ ಕಾಟ್ಜ್ ಮತ್ತು ಇಬ್ಬರು ಸಹೋದ್ಯೋಗಿಗಳು 2003ರಲ್ಲಿ ಒಂದು ವರದಿ ಬರೆದರು. ವೈರ್‌ಲೆಸ್ ಸಂಶೋಧಕರು ಪ್ರಶ್ನಿಸದೆ ನಂಬಿಕೊಂಡ ಆರು ಸಂಗತಿಗಳನ್ನು ಅದು ಎಣಿಸಿತ್ತು: ಭೂಮಿ ಚಪ್ಪಟೆ, ರೇಡಿಯೊದ ವ್ಯಾಪ್ತಿ ವೃತ್ತಾಕಾರ, ಎಲ್ಲ ರೇಡಿಯೊಗಳ ವ್ಯಾಪ್ತಿ ಒಂದೇ, ನಿನ್ನದು ನನಗೆ ಕೇಳಿದರೆ ನನ್ನದು ನಿನಗೂ ಕೇಳುತ್ತದೆ, ಕೇಳಿಸಿತೆಂದರೆ ಪೂರ್ತಿ ಕೇಳಿಸುತ್ತದೆ, ಸಿಗ್ನಲ್ ಎಷ್ಟು ಗಟ್ಟಿ ಎಂಬುದು ದೂರವೊಂದರಿಂದಲೇ ತೀರ್ಮಾನವಾಗುತ್ತದೆ. ಆರೂ ಸುಳ್ಳು ಎಂದು ಅವರು ನಿಜವಾದ ಅಳತೆಗಳಿಂದ ತೋರಿಸಿದರು. ಅದೇ ವರ್ಷ ಮಿಷಿಗನ್ನಿನ ತಂಡವೊಂದು ನೋಡ್‌ಗಳ ಓಡಾಟಕ್ಕೆ ಎಲ್ಲರೂ ಬಳಸುತ್ತಿದ್ದ ರ‍್ಯಾಂಡಮ್ ವೇಪಾಯಿಂಟ್ ಮಾದರಿಯನ್ನೇ ಬಿಚ್ಚಿ ನೋಡಿತು. ಕನಿಷ್ಠ ವೇಗ ಸೊನ್ನೆ ಎಂದಿಟ್ಟರೆ, ದೂರದ ಗುರಿಯನ್ನು ಆಮೆವೇಗದಲ್ಲಿ ಹಿಡಿದ ನೋಡ್‌ಗಳು ಅಲ್ಲೇ ಸಿಕ್ಕಿಕೊಂಡು, ಹೊತ್ತು ಕಳೆದಂತೆ ಎಲ್ಲರ ಸರಾಸರಿ ವೇಗ ಇಳಿಯುತ್ತಲೇ ಹೋಗುತ್ತದೆ. ಎಂದರೆ ಸಿಮ್ಯುಲೇಶನ್ನನ್ನು ಎಲ್ಲಿ ನಿಲ್ಲಿಸುತ್ತೀರಿ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. 2005ರಲ್ಲಿ ಕೊಲೊರಾಡೊದ ಇನ್ನೊಂದು ತಂಡ ಮೊಬಿಹಾಕ್ ಎಂಬ ಪ್ರತಿಷ್ಠಿತ ಸಮ್ಮೇಳನದ ಆರು ವರ್ಷಗಳ ಪ್ರಬಂಧಗಳನ್ನು ಕೂತು ಓದಿತು. ಸುಮಾರು ಮುಕ್ಕಾಲು ಪಾಲು ಸಿಮ್ಯುಲೇಶನ್ನಿನ ಮೇಲೆ ನಿಂತಿದ್ದವು. ಇನ್ನೊಬ್ಬರು ಮತ್ತೆ ಮಾಡಿ ನೋಡುವಷ್ಟು ವಿವರ ಕೊಟ್ಟವು ಶೇ. 15ಕ್ಕಿಂತ ಕಡಿಮೆ. ಇದು ಒಳ್ಳೆಯ ಸಮ್ಮೇಳನವೊಂದರ ಲೆಕ್ಕ. ಹಣ ಕಟ್ಟಿದರೆ ಎರಡು ವಾರದಲ್ಲಿ ಅಚ್ಚು ಹಾಕುವ ಜರ್ನಲ್‌ಗಳ ಲೆಕ್ಕವನ್ನು ಯಾರಾದರೂ ತೆಗೆದದ್ದು ನನಗೆ ಗೊತ್ತಿಲ್ಲ, ತೆಗೆಯುವ ಅಗತ್ಯವೂ ಕಾಣದು.

ಬರೀ ಟೀಕೆಯಾಗಿದ್ದರೆ ಇದನ್ನು ತಳ್ಳಿಹಾಕಬಹುದಿತ್ತು. ಆದರೆ ಅಳೆದು ನೋಡಿದವರಿಗೆ ಹೊಸ ವಿಚಾರಗಳೂ ದಕ್ಕಿದವು. ಎಂಐಟಿಯವರು ಕೇಂಬ್ರಿಡ್ಜ್ ಊರಿನ ಮನೆಗಳ ಮಾಳಿಗೆ ಮೇಲೆ ರೂಫ್‌ನೆಟ್ ಎಂಬ ಜಾಲವನ್ನು ಕಟ್ಟಿದರು. ಅದರ 38 ನೋಡ್‌ಗಳ ನಡುವಿನ ಕೊಂಡಿಗಳನ್ನು ಅಳೆದಾಗ ಹೆಚ್ಚಿನವು ಪೂರ್ತಿ ಒಳ್ಳೆಯವೂ ಆಗಿರಲಿಲ್ಲ, ಪೂರ್ತಿ ಕೆಟ್ಟವೂ ಆಗಿರಲಿಲ್ಲ. ಹತ್ತರಲ್ಲಿ ನಾಲ್ಕೋ ಏಳೋ ಪ್ಯಾಕೆಟ್ ತಲುಪಿಸುವ ನಡುವಣ ಸ್ಥಿತಿಯಲ್ಲಿದ್ದವು. ಇದು ತಿಳಿದ ಮೇಲೆ ಕಡಿಮೆ ಜಿಗಿತಗಳ ದಾರಿಯೇ ಒಳ್ಳೆಯ ದಾರಿ ಎಂಬ ಹಳೆಯ ನಂಬಿಕೆ ಬಿದ್ದುಹೋಯಿತು. ಕಡಿಮೆ ಜಿಗಿತ ಎಂದರೆ ಉದ್ದನೆಯ ಜಿಗಿತ, ಉದ್ದನೆಯ ಜಿಗಿತ ಎಂದರೆ ಸೋರುವ ಕೊಂಡಿ. ಒಂದು ಪ್ಯಾಕೆಟ್ ದಾಟಿಸಲು ಎಷ್ಟು ಸಲ ಕಳಿಸಬೇಕಾದೀತು ಎಂದು ಎಣಿಸಿ ದಾರಿ ಆರಿಸುವ ಇಟಿಎಕ್ಸ್ ಎಂಬ ಮಾಪನ 2003ರಲ್ಲಿ ಬಂದದ್ದು ಇಂಥ ಅಳತೆಗಳ ತಿಳಿವಳಿಕೆಯಿಂದ. ನಿಖರ ವೃತ್ತಗಳ ಲೋಕದಲ್ಲಿ ಇಂಥದ್ದೊಂದು ಬೇಕೆಂದು ಯಾರಿಗೂ ಹೊಳೆಯುತ್ತಿರಲಿಲ್ಲ. ಅಲ್ಲಿ ಸೋರುವ ಕೊಂಡಿಯೇ ಇಲ್ಲವಲ್ಲ.

ನಮ್ಮ ದೇಶದಲ್ಲಿ ಈ ದಾರಿ ಹಿಡಿದವರಿದ್ದಾರೆ. ಕಾನ್ಪುರದ ಐಐಟಿಯ ಭಾಸ್ಕರನ್ ರಾಮನ್ ಮತ್ತಿತರರು ಡಿಜಿಟಲ್ ಗಂಗೆಟಿಕ್ ಪ್ಲೇನ್ಸ್ ಎಂಬ ಯೋಜನೆಯಲ್ಲಿ ಎತ್ತರದ ಕಂಬಗಳನ್ನು ನೆಟ್ಟು, ಕೊಠಡಿಯೊಳಗೆ ಬಳಸಲೆಂದು ಮಾಡಿದ ವೈಫೈಯನ್ನು ಹಳ್ಳಿಯಿಂದ ಹಳ್ಳಿಗೆ ಹತ್ತಾರು ಕಿಲೋಮೀಟರ್ ಎಳೆದರು. ಎಳೆದಾಗಲೇ ತೊಡಕು ಗೊತ್ತಾದದ್ದು. ರೇಡಿಯೊ ತರಂಗ ಹತ್ತು ಕಿಲೋಮೀಟರ್ ದಾಟಲು ಸುಮಾರು 33 ಮೈಕ್ರೊಸೆಕೆಂಡ್ ಬೇಕು, 802.11ಬಿಯಲ್ಲಿ ಎಲ್ಲ ಕಾಯುವಿಕೆಗೂ ಅಳತೆಗೋಲಾದ ಸ್ಲಾಟ್ 20 ಮೈಕ್ರೊಸೆಕೆಂಡಿನದು. ತಲುಪಿತೆಂಬ ಮರುಸಂದೇಶ ದಾರಿಯಲ್ಲಿರುವಾಗಲೇ ಕಳಿಸಿದವರು ಕಾದು ಸೋತು ಅದೇ ಪ್ಯಾಕೆಟ್ಟನ್ನು ಮತ್ತೆ ಕಳಿಸತೊಡಗುತ್ತಾರೆ. ಒಂದೇ ಕಂಬದ ಮೇಲಿನ ಎರಡು ಆಂಟೆನಾಗಳಲ್ಲಿ ಒಂದು ಕಳಿಸುವಾಗ ಇನ್ನೊಂದರ ಕಿವಿ ಕಿವುಡಾಗುತ್ತದೆ. ಹಾಗಾಗಿ ರಾಮನ್ ಮತ್ತು ಕಾಮೇಶ್ವರಿ ಚೆಬ್ರೊಲು ಎಲ್ಲ ಆಂಟೆನಾಗಳೂ ಒಟ್ಟಿಗೆ ಕಳಿಸುವ, ಬಳಿಕ ಒಟ್ಟಿಗೆ ಕೇಳುವ ಹೊಸ ನಿಯಮವನ್ನೇ ಕಟ್ಟಿ 2005ರಲ್ಲಿ ಪ್ರಕಟಿಸಿದರು. ತಮಿಳುನಾಡಿನ ತೇನಿಯ ಅರವಿಂದ ಕಣ್ಣಾಸ್ಪತ್ರೆಗಾಗಿ ಬರ್ಕ್ಲಿಯ ತಂಡ ಹಾಕಿಕೊಟ್ಟ ದೂರದ ವೈಫೈ ಕೊಂಡಿಗಳ ಮೂಲಕ ಹಳ್ಳಿಯ ಕೇಂದ್ರದಲ್ಲಿ ಕೂತ ರೋಗಿಯ ಕಣ್ಣನ್ನು ವೈದ್ಯರು ಊರಿನಿಂದಲೇ ನೋಡುವಂತಾಯಿತು. ಆ ತಂಡ ಆಮೇಲೆ ಬರೆದ ಪ್ರಬಂಧವನ್ನು ನಾನು ಈ ವಿಷಯದ ವಿದ್ಯಾರ್ಥಿಗಳಿಗೆಲ್ಲ ಓದಿಸಬೇಕೆನ್ನುತ್ತೇನೆ. ಜಾಲ ನಿಂತುಹೋಗುತ್ತಿದ್ದುದಕ್ಕೆ ಅವರು ಕಂಡುಕೊಂಡ ದೊಡ್ಡ ಕಾರಣ ರೂಟಿಂಗ್ ಅಲ್ಲ, ಕರೆಂಟು: ಏರಿಳಿಯುವ ವೋಲ್ಟೇಜಿಗೆ ಸುಟ್ಟುಹೋಗುವ ಅಡಾಪ್ಟರ್, ಕೆಟ್ಟುಹೋಗುವ ಮೆಮೊರಿ ಕಾರ್ಡ್. ಯಾವ ಸಿಮ್ಯುಲೇಟರಿನಲ್ಲಿ ಕರೆಂಟು ಹೋಗುತ್ತದೆ?

ಕರ್ನಾಟಕದಲ್ಲಿ ಈ ವಿಷಯದ ಪ್ರಶ್ನೆ 2020 ಮತ್ತು 2021ರ ಕೋವಿಡ್ ಕಾಲದಲ್ಲಿ ಮನೆಮನೆಗೂ ಬಂತು. ಆನ್‌ಲೈನ್ ತರಗತಿಗಾಗಿ ಮಲೆನಾಡು, ಕರಾವಳಿಯ ಮಕ್ಕಳು ಗುಡ್ಡ ಹತ್ತಿ ಕೂತದ್ದು, ರಸ್ತೆ ಬದಿಯಲ್ಲಿ ಟಾರ್ಪಾಲು ಕಟ್ಟಿಕೊಂಡದ್ದು ಪತ್ರಿಕೆಗಳಲ್ಲಿ ಬಂದ ಸಂಗತಿ. ‘ಎರಡು ಕಡ್ಡಿ ತೋರಿಸ್ತದೆ, ಆದ್ರೆ ಏನೂ ಹೋಗೋದಿಲ್ಲ’ ಎಂಬ ದೂರು ಎಲ್ಲ ಕಡೆಯೂ ಇತ್ತು. ಇದಕ್ಕೆ ಉತ್ತರ ಕಾಟ್ಜ್ ಪಟ್ಟಿಯ ನಾಲ್ಕನೇ ಸುಳ್ಳಿನಲ್ಲಿದೆ. ಟವರು ಹತ್ತಾರು ವಾಟ್‌ನಲ್ಲಿ ಕೂಗುತ್ತದೆ, ಫೋನು ಗರಿಷ್ಠ 200 ಮಿಲಿವಾಟ್‌ನಲ್ಲಿ ಉತ್ತರಿಸುತ್ತದೆ. ಪರದೆಯ ಕಡ್ಡಿಗಳು ಟವರಿನ ಮಾತು ನಮಗೆಷ್ಟು ಕೇಳುತ್ತಿದೆ ಎಂಬುದನ್ನು ಹೇಳುತ್ತವೆಯೇ ಹೊರತು ನಮ್ಮ ಮಾತು ಟವರಿಗೆ ಮುಟ್ಟಿತೇ ಎಂಬುದನ್ನಲ್ಲ. ಇನ್ನು ಎದುರು ಗುಡ್ಡದ ಟವರು ಅಡಿಕೆ ಮರಗಳ ತುದಿಯ ಮೇಲಿಂದ ಕಣ್ಣಿಗೆ ಕಂಡಿತೆಂದರೆ ಸಾಲದು. 2.4 ಗಿಗಾಹರ್ಟ್ಸ್‌ನಲ್ಲಿ ಹತ್ತು ಕಿಲೋಮೀಟರಿನ ಕೊಂಡಿ ಚೆನ್ನಾಗಿ ನಡೆಯಲು ಮಧ್ಯದಾರಿಯಲ್ಲಿ ದೃಷ್ಟಿರೇಖೆಯ ಸುತ್ತ ಸುಮಾರು 17–18 ಮೀಟರ್‌ನ ಬಹುಪಾಲು ಖಾಲಿ ಇರಬೇಕು, ಎಂದರೆ ಹೆಚ್ಚುಕಡಿಮೆ ಇನ್ನೊಂದು ಅಡಿಕೆ ಮರದೆತ್ತರ. ಮಳೆಯ ಬಗ್ಗೆ ಜನ ಹೇಳುವುದು ಅರ್ಧ ನಿಜ: ಫೋನ್, ವೈಫೈ ಬಳಸುವ ಕೆಳಗಿನ ಆವರ್ತನಗಳನ್ನು ಮಳೆಹನಿ ಹೆಚ್ಚು ತಿನ್ನುವುದಿಲ್ಲ, ಒದ್ದೆ ಎಲೆ ತಿನ್ನುತ್ತದೆ, ಟವರಿನಿಂದ ಟವರಿಗೆ ಹೋಗುವ 15, 18, 23 ಗಿಗಾಹರ್ಟ್ಸ್‌ನ ಮೈಕ್ರೊವೇವ್ ಕೊಂಡಿಗಳನ್ನು ಮಾತ್ರ ಜೋರು ಮಳೆ ನಿಜಕ್ಕೂ ಕಾಡುತ್ತದೆ. ಪ್ರಬಂಧವೊಂದಕ್ಕೆ ಇಷ್ಟು ಸಾಮಗ್ರಿ ಕಣ್ಣೆದುರಿಗಿದ್ದಾಗಲೂ ನಮ್ಮ ವಿಭಾಗಗಳಿಂದ ಹೊರಟದ್ದು ಸಮತಟ್ಟು ಬಯಲಿನ ಐವತ್ತು ನೋಡ್‌ಗಳ ಗ್ರಾಫ್‌ಗಳೇ. ಆಗುಂಬೆಯಲ್ಲೋ ಸುಳ್ಯದಲ್ಲೋ ಒಂದು ಮಳೆಗಾಲವಿಡೀ ಅಳೆದ ಸಿಗ್ನಲ್ಲಿನ ದಾಖಲೆಗೆ ಅವೆಲ್ಲವುಗಳಿಗಿಂತ ಹೆಚ್ಚು ಬಾಳಿಕೆ ಇರುತ್ತಿತ್ತು.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಬಲವಾದದ್ದು ಗಣಿತದವರದು. ಈ ಕ್ಷೇತ್ರದ ದೊಡ್ಡ ಫಲಿತಾಂಶಗಳು ಅಳತೆಯಿಂದ ಬಂದವಲ್ಲ ಎನ್ನುತ್ತಾರೆ ಅವರು, ಅದು ನಿಜವೇ. ಗುಪ್ತ ಮತ್ತು ಪಿ.ಆರ್. ಕುಮಾರ್ 2000ದಲ್ಲಿ ನೋಡ್‌ಗಳು ಹೆಚ್ಚಿದಂತೆ ಪ್ರತಿಯೊಬ್ಬರ ಪಾಲಿನ ವೇಗ ಹೇಗೆ ಕುಗ್ಗಲೇಬೇಕು ಎಂದು ತೋರಿಸಿದ್ದು ಕಾಗದದ ಮೇಲೆ. ಅದೇ ವರ್ಷ ಬಿಯಾಂಕಿ 802.11ರ ವೇಗಕ್ಕೆ ಸೂತ್ರ ಕೊಟ್ಟದ್ದೂ ಕಾಗದದ ಮೇಲೆ; ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅನುರಾಗ್ ಕುಮಾರ್ ಮತ್ತು ಸಂಗಡಿಗರು ಅದನ್ನು ಇನ್ನಷ್ಟು ಸಾಮಾನ್ಯೀಕರಿಸಿದರು. ಅನುರಾಗ್ ಕುಮಾರ್, ಮಂಜುನಾಥ್, ಕುರಿ ಸೇರಿ ಬರೆದ ‘ವೈರ್‌ಲೆಸ್ ನೆಟ್‌ವರ್ಕಿಂಗ್’ ಪುಸ್ತಕ ಈ ವಿಷಯದಲ್ಲಿ ಭಾರತದಿಂದ ಬಂದ ಗಟ್ಟಿ ಪುಸ್ತಕಗಳಲ್ಲೊಂದು, ಅದೂ ಗಣಿತವೇ. ಆದರೆ ಬಿಯಾಂಕಿ ತನ್ನ ಪ್ರಬಂಧದ ಮೊದಲಲ್ಲೇ ಹೇಳುತ್ತಾನೆ: ಚಾನೆಲ್ ಆದರ್ಶವಾಗಿದೆ, ಅಡಗಿದ ನೋಡ್‌ಗಳಿಲ್ಲ, ಎಲ್ಲರ ಬಳಿಯೂ ಕಳಿಸಲು ಸದಾ ಪ್ಯಾಕೆಟ್ ಇದೆ. ಒಳ್ಳೆಯ ಗಣಿತ ತನ್ನ ಊಹೆಯನ್ನು ಬಾಗಿಲಲ್ಲೇ ನಿಲ್ಲಿಸಿ ಪರಿಚಯ ಮಾಡಿಸುತ್ತದೆ. ಒಪ್ಪದವರು ಅಲ್ಲೇ ಜಗಳ ತೆಗೆಯಬಹುದು. ಸಿಮ್ಯುಲೇಟರಿನಲ್ಲಿ ಅದೇ ಊಹೆ ಯಾರೂ ತೆರೆಯದ ಒಂದು ಫೈಲಿನೊಳಗೆ ಕೂತಿರುತ್ತದೆ, ಅದನ್ನು ಬಳಸಿದವರಿಗೇ ಗೊತ್ತಿರುವುದಿಲ್ಲ. ನನ್ನ ತಕರಾರು ಈ ಗುಟ್ಟಿನ ಮೇಲೆ. ಗಣಿತವನ್ನು ಹೆಚ್ಚು ಓದಿಸಿದರೆ ಅದು ಕಡಿಮೆಯಾಗುತ್ತದೆಯೇ ವಿನಾ ಹೆಚ್ಚಾಗುವುದಿಲ್ಲ.

ಸಿಮ್ಯುಲೇಶನ್ನನ್ನು ಎಷ್ಟು ಸಲವಾದರೂ ಮತ್ತೆ ಮಾಡಬಹುದು, ಬಯಲಿನ ಅಳತೆ ಪ್ರತಿ ಸಲವೂ ಬೇರೆ ಬರುತ್ತದೆ, ಅದರಿಂದ ವಿಜ್ಞಾನ ಹೇಗೆ ಕಟ್ಟುತ್ತೀರಿ ಎಂಬುದು ಇನ್ನೊಂದು ಮಾತು. ಮೊದಲನೆಯದು ತತ್ವದಲ್ಲಿ ಸರಿ; ನಡೆದದ್ದು ಏನೆಂದು ಮೊಬಿಹಾಕ್ ಲೆಕ್ಕ ಹೇಳಿದೆ. ಯಾದೃಚ್ಛಿಕ ಸಂಖ್ಯೆಗಳಿಗೆ ಒಂದೇ ಸೀಡ್ ಇಟ್ಟು ಒಮ್ಮೆ ಓಡಿಸಿ, ಬಂದ ಗೆರೆಯನ್ನು ಗ್ರಾಫ್ ಮಾಡಿ, ‘ಪ್ರಸ್ತಾವಿತ ವಿಧಾನ’ ಎಒಡಿವಿ ಎಂಬ ಹಳೆಯ ರೂಟಿಂಗ್ ವಿಧಾನಕ್ಕಿಂತ ಮೇಲು ಎಂದು ಬರೆದ ಪ್ರಬಂಧಗಳು ಪುನರಾವರ್ತನೆಯ ಹೆಸರು ಹೇಳುವ ಹಕ್ಕನ್ನು ಗಳಿಸಿಲ್ಲ. ಎರಡನೆಯದಕ್ಕೆ ನನ್ನ ಉತ್ತರ ಬೇರೆ: ಅಳತೆ ಬದಲಾಗುವುದೇ ಪಾಠ. ಬೆಳಿಗ್ಗೆ ಖಾಲಿ ತರಗತಿಯಲ್ಲಿ ಒಂದು, ಅರವತ್ತು ಮಂದಿ ತುಂಬಿದಾಗ ಇನ್ನೊಂದು, ಬಾಗಿಲು ಮುಚ್ಚಿದಾಗ ಮತ್ತೊಂದು. ಸರಾಸರಿಯ ಜೊತೆಗೆ ಹರಡನ್ನೂ ಬರೆಯಬೇಕು, ಹೊತ್ತು ಜಾಗಗಳನ್ನು ನಮೂದಿಸಬೇಕು, ಒಂದೇ ಓದಿನ ಮೇಲೆ ತೀರ್ಪು ಕೊಡಬಾರದು ಎಂಬ ಶಿಸ್ತನ್ನು ಇದಕ್ಕಿಂತ ಚೆನ್ನಾಗಿ ಬೇರೆ ಯಾವ ಪ್ರಯೋಗವೂ ಕಲಿಸಲಾರದು.

ಖರ್ಚಿನ ಆಕ್ಷೇಪ ಒಂದು ಕಾಲದಲ್ಲಿ ಸರಿಯಿತ್ತು, ಈಗಿಲ್ಲ. ಇಎಸ್‌ಪಿ32 ಎಂಬ ಪುಟ್ಟ ವೈಫೈ ಬೋರ್ಡು ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಸುತ್ತಲಿನ ಫ್ರೇಮ್‌ಗಳನ್ನು ಕೇಳಿಸಿಕೊಂಡು, ಪ್ರತಿಯೊಂದರ ಸಿಗ್ನಲ್ ಮಟ್ಟ ಬರೆದಿಡುವಷ್ಟು ಶಕ್ತಿ ಅದಕ್ಕಿದೆ. ಉಳಿದ ಸಾಫ್ಟ್‌ವೇರ್ ಉಚಿತ. ಒಂದು ಸೆಕ್ಷನ್ನಿನಲ್ಲಿ ಅರವತ್ತು ಎಪ್ಪತ್ತು ವಿದ್ಯಾರ್ಥಿಗಳಿರುವುದು ತೊಡಕು ನಿಜ, ಆದರೆ ಒಂದು ಕಟ್ಟಡದ ನಕ್ಷೆಯನ್ನು ತುಂಡು ಮಾಡಿ ಹಂಚಿದರೆ ಆ ಸಂಖ್ಯೆಯೇ ಅನುಕೂಲವಾಗುತ್ತದೆ. ಕಷ್ಟವಿರುವುದು ಮೌಲ್ಯಮಾಪನದಲ್ಲಿ: ಸಿಮ್ಯುಲೇಶನ್‌ಗೆ ಎಲ್ಲರಿಗೂ ಒಂದೇ ಉತ್ತರ ಬರುತ್ತದೆ, ಎಕ್ಸ್‌ಟರ್ನಲ್ ಪರೀಕ್ಷಕರು ಬೇಗ ಮುಗಿಸಬಹುದು. ಅಳತೆಗೆ ಎಲ್ಲರದೂ ಬೇರೆ ಬೇರೆ, ಕೂತು ಓದಬೇಕು. ಈ ಸೋಮಾರಿತನಕ್ಕೆ ನಾವು ಸಲಕರಣೆಯ ಕೊರತೆ ಎಂದು ಬಹಳ ವರ್ಷ ಹೆಸರಿಟ್ಟಿದ್ದೆವು.

ಪ್ರಕಟಣೆಯ ಒತ್ತಡದ ಮಾತನ್ನು ಅಷ್ಟು ಸುಲಭವಾಗಿ ಪಕ್ಕಕ್ಕಿಡಲಾಗದು. ಯುಜಿಸಿಯ 2009ರ ನಿಯಮ ಪಿಎಚ್.ಡಿ. ಪ್ರಬಂಧ ಸಲ್ಲಿಸುವ ಮುನ್ನ ಲೇಖನ ಪ್ರಕಟವಾಗಿರಬೇಕೆಂದಿತು. 2010ರಲ್ಲಿ ಬಡ್ತಿಗೂ ಅಂಕಗಳ ಲೆಕ್ಕ ಬಂತು. ಸಂಬಳ, ಬಡ್ತಿ, ಗೈಡ್‌ಶಿಪ್ ಎಲ್ಲವೂ ಲೇಖನಗಳ ಸಂಖ್ಯೆಗೆ ಜೋತುಬಿದ್ದಾಗ ಒಂದು ಮಳೆಗಾಲ ಕಾಯುವವರು ಯಾರು? ಹಳೆಯ ರೂಟಿಂಗ್ ವಿಧಾನಕ್ಕೆ ಬ್ಯಾಟರಿ ಉಳಿತಾಯದ ಒಂದು ಅಂಶ ಸೇರಿಸಿ, ಒಂದು ರಾತ್ರಿ ಓಡಿಸಿದರೆ ಲೇಖನ ಸಿದ್ಧ. ಅಧ್ಯಾಪಕರನ್ನು ಇದಕ್ಕಾಗಿ ದೂರುವುದು ಅನ್ಯಾಯ. ವ್ಯವಸ್ಥೆ ಕೇಳಿದ್ದನ್ನು ಅವರು ಕೊಟ್ಟರು. ಆದರೆ 2022ರ ನಿಯಮದಲ್ಲಿ ಪಿಎಚ್.ಡಿ.ಗೆ ಮೊದಲೇ ಲೇಖನ ಪ್ರಕಟಿಸುವ ಕಡ್ಡಾಯವನ್ನು ಯುಜಿಸಿಯೇ ಕೈಬಿಟ್ಟಿದೆ. ಹಾಗಾಗಿ ನಿಧಾನವಾದ, ಅಳೆದು ಬರೆಯುವ ಪ್ರಬಂಧಕ್ಕೆ ಈಗ ಕನಿಷ್ಠ ಒಂದು ಅಡ್ಡಿ ಕಡಿಮೆ.

ಇನ್ನು 5ಜಿ ಬಂದಿದೆ, ಹಳೆಯ ವೈಫೈ ಅಳೆಯುತ್ತ ಕೂತರೆ ಕೆಲಸ ಸಿಗುತ್ತದೆಯೇ ಎನ್ನುವವರಿದ್ದಾರೆ. 2023ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ದೇಶದ ವಿದ್ಯಾಸಂಸ್ಥೆಗಳಿಗೆ ನೂರು 5ಜಿ ಲ್ಯಾಬ್‌ಗಳನ್ನು ಘೋಷಿಸಿತು. ಬಹಳ ಒಳ್ಳೆಯದು. ತಂಡಗಳು ಬಂದಾಗ ದೀಪ ಹಚ್ಚಿ ತೋರಿಸುವ ಕೋಣೆಗಳಾಗಿ ಅವು ಉಳಿಯದಿದ್ದರೆ ಇನ್ನೂ ಒಳ್ಳೆಯದು. ಆವರ್ತನ ಏರಿದಂತೆ ಗೋಡೆ, ಎಲೆ, ಮೈ, ಮಳೆ ಎಲ್ಲವೂ ಹೆಚ್ಚು ಅಡ್ಡ ಬರುತ್ತವೆ. 5ಜಿಯ ಮೇಲಿನ ಪಟ್ಟಿಗಳಲ್ಲಿ ನಿಖರ ವೃತ್ತ ಎಂಬುದು ಮೊದಲಿಗಿಂತಲೂ ದೊಡ್ಡ ಸುಳ್ಳು. ಕಂಪನಿಗಳಲ್ಲಿ ಕ್ಷೇತ್ರಕ್ಕಿಳಿದು ಸಿಗ್ನಲ್ ಅಳೆಯುವ, ಡ್ರೈವ್ ಟೆಸ್ಟ್ ಲಾಗ್ ಓದುವ, ಎಲ್ಲಿ ಕೊಂಡಿ ಕಡಿಯಿತು ಎಂದು ಪತ್ತೆ ಹಚ್ಚುವ ಕೆಲಸಗಳಿಗೆ ಬೇಕಾದದ್ದೂ ಇದೇ ಅಭ್ಯಾಸ.

ಮುಂದಿನ ಸೆಮಿಸ್ಟರಿನ ಲ್ಯಾಬ್ ಮ್ಯಾನ್ಯುಯಲ್ ಬರೆಯುತ್ತಿರುವ ಅಧ್ಯಾಪಕರಲ್ಲಿ ನನ್ನ ಕೋರಿಕೆ ಚಿಕ್ಕದು. ಮೊದಲ ಪ್ರಯೋಗವಾಗಿ ನಿಮ್ಮ ಕಟ್ಟಡದ ವೈಫೈಯನ್ನು ಅಳೆಸಿ. ಸಿಮ್ಯುಲೇಟರನ್ನು ಎರಡನೆಯದಕ್ಕೆ ಇಡಿ, ಅದಕ್ಕೆ ತುಂಬುವ ಬೆಲೆಗಳು ಮೊದಲ ಪ್ರಯೋಗದಿಂದಲೇ ಬರಲಿ. ಪಿಎಚ್.ಡಿ. ವೈವಾದಲ್ಲಿ ಕೂರುವ ಪರೀಕ್ಷಕರು ಮೊದಲ ಗ್ರಾಫ್ ಕಂಡ ಕೂಡಲೇ ಕೋಷ್ಟಕದ ಒಂದು ಬೆಲೆಗೆ ಬೆರಳಿಟ್ಟು, ಇದು ಎಲ್ಲಿಂದ ಬಂತು ಎಂದು ಕೇಳಲಿ. ಉತ್ತರ ಬರದಿದ್ದರೆ ಪ್ರಬಂಧವನ್ನು ತಿದ್ದಲು ವಾಪಸು ಕಳಿಸುವ ಅಧಿಕಾರ ಅವರಿಗೆ ಈಗಲೂ ಇದೆ.